ಸೆಟ್ ಆಗೋವರೆಗೂ ಮಾತಾಡಬೇಡಿ

ಅಯ್ಯಯ್ಯೋ, ಮಾತಾಡಬೇಡಿ ಮೇಷ್ಟ್ರೇ! ತುಟಿ ಅಲ್ಲಾಡಿಸಬೇಡಿ. ಎರಡೇ ನಿಮಿಷ... ಮೂರು ಅಂತಿಟ್ಕೊಳ್ಳಿ. ಬಾಯಲ್ಲಿರೋ ಪೇಸ್ಟ್ ಗಟ್ಟಿ ಆಗಬೇಕು, ಅದರಲ್ಲಿ ನಿಮ್ಮ ವಸಡಿನ ಅಚ್ಚು ಮೂಡಬೇಕು, ಆ ಅಚ್ಚು ನೋಡ್ಕೊಂಡು ನಾನು ಹಲ್ಲು ಕಟ್ಟಬೇಕು. ಈಗ ನೀವು "ಆದರೆ" ಅಂತ ಬಾಯಿ ತೆಗೆದಿರೋ, ನಾಳೆ ಹಲ್ಲೆಲ್ಲಾ "ಆದರೆ" ಅಂತಲೇ ಕೂರ್ತವೆ. ಮೂಗಲ್ಲಿ ಉಸಿರಾಡಿ. ಹಾಂ, ಹಾಗೆ. ವಾಕರಿಕೆ ಬಂದ್ರೆ ಒಂದು ಕಾಲು ಎತ್ತಿ ಹಿಡ್ಕೊಳ್ಳಿ. ಯಾವ ಕಾಲಾದ್ರೂ ಆಯ್ತು. ಯಾಕೆ ನಗ್ತೀರಿ? ತಮಾಷೆ ಅಲ್ಲ ರೀ, ವೈದ್ಯಶಾಸ್ತ್ರ! ಗಮನ ಕಾಲಿನ ಕಡೆ ಹೋದ್ರೆ ಗಂಟಲು ತನ್ನ ಪಾಡಿಗೆ ತಾನು ಸುಮ್ಮನಾಗುತ್ತೆ.

ಎಂಥಾ ಭಾಗ್ಯ ನೋಡಿ ನಂದು! ಊರಿನ ಅರ್ಧ ಮಕ್ಕಳಿಗೆ ಇಂಗ್ಲಿಷ್ ಕಲಿಸಿದ ಬಾಯಿ, ನನ್ನ ಮಗನಿಗೂ ಕಲಿಸಿದ ಬಾಯಿ, ಇವತ್ತು ನನ್ನ ಕುರ್ಚೀಲಿ ಸ್ಟ್ರಾಬೆರಿ ವಾಸನೆ ಪೇಸ್ಟ್ ಕಚ್ಕೊಂಡು ಕೂತಿದೆ. ಬೀಗರ ಬಾಯಿಗೆ ಬೀಗ! ಬೀಗರು ಅಂತ ಕರೀಬಹುದಲ್ವಾ... ಸದ್ಯಕ್ಕೆ ಮೇಷ್ಟ್ರೇ ಅಂತಲೇ ಇರಲಿ. ರೂಢಿ.

ಜ್ಞಾಪಕ ಇದೆಯಾ, ಮದುವೆ ಮಾತಾಡೋಕೆ ನಮ್ಮನೆಗೆ ಬಂದ ದಿನ? ಎಲ್ಲಾ ಮುಗೀತು, ಕಾಫಿ ಬಂತು, ನಾನು ಏನೋ ಖುಷೀಲಿ "ಹಾಗಾದ್ರೆ ಮದುವೆ ಸೆಟ್ ಆಯ್ತು ಅನ್ನಿ" ಅಂದೆ. ಅಷ್ಟೇ ರೀ ಅಂದಿದ್ದು! ಹಿಡ್ಕೊಂಡ್ರಲ್ಲ ನನ್ನ! "ಡಾಕ್ಟ್ರೇ, ಯಾವ ಅರ್ಥದಲ್ಲಿ ಸೆಟ್? ಅಷ್ಟು ಚಿಕ್ಕ ಪದಕ್ಕೆ ಡಿಕ್ಷನರೀಲಿ ಪುಟಗಟ್ಟಲೆ ಅರ್ಥ ಇದೆ." ಒಂದೊಂದೇ ಅರ್ಥ ಬಿಡಿಸ್ತಾ ಹೋದ್ರಿ. ಕಾಫಿ ಆರಿ ತಣ್ಣಗಾಯ್ತು. ನನ್ನ ಹೆಂಡತಿ ಕಣ್ಣರಳಿಸಿ ಕೇಳಿದ್ಲು, ನಾನು ಮಾತಾಡುವಾಗ ಅವಳ ಕಣ್ಣು ಅಷ್ಟು ಅರಳಿದ್ದು ನಾನು ಕಂಡಿಲ್ಲ. ನನ್ನ ಮಗ ಮತ್ತೆ ಹೈಸ್ಕೂಲ್ ಹುಡುಗ ಆಗಿಬಿಟ್ಟ, ಕೈ ಕಟ್ಕೊಂಡು ಕೂತ. ನಿಮ್ಮ ಮಗಳೊಬ್ಬಳೇ ನಗ್ತಿದ್ಲು. ನಿಮ್ಮನ್ನ ನೋಡಿ ಅಲ್ಲ... ನನ್ನ ನೋಡಿ.

ಇವತ್ತು ನನ್ನ ಸರದಿ. ನಿಮ್ಮ ಡಿಕ್ಷನರಿ ಆಯ್ತು, ನನ್ನ ಕ್ಲಿನಿಕ್ಕಿನ ಡಿಕ್ಷನರಿ ಕೇಳಿ.

ಹೊರಗೆ ನೀವು ಕೂತು ಬಂದ್ರಲ್ಲ, ಸ್ಪ್ರಿಂಗ್ ಚುಚ್ಚುತ್ತೆ, ಅದು ಸೋಫಾ ಸೆಟ್. ಅಲ್ಲಿ ಫೋನ್ ಎತ್ತೋ ಅಮ್ಮ ಬಂದೋರನ್ನೆಲ್ಲ "ಬಿಡಿ ಹಲ್ಲಾ, ಪೂರ್ತಿ ಸೆಟ್ಟಾ?" ಅಂತ ತರಕಾರಿ ಅಂಗಡಿ ಥರ ಕೇಳ್ತಾಳೆ. ಮೊನ್ನೆ ಯಾರೋ ಹೆಣ್ಣುಮಗಳು ಗಾಬರಿಯಿಂದ ಫೋನ್ ಮಾಡಿದ್ಲು, "ನಮ್ಮಪ್ಪನ ಸೆಟ್ ಬಸ್ಸಲ್ಲಿ ಕಳೆದುಹೋಯ್ತು!" ಅಂತ. ಈ ಅಮ್ಮ ಮೊಬೈಲ್ ಸೆಟ್ ಅಂದ್ಕೊಂಡು ಏನು ಹೇಳಿರಬೇಕು? "ಮೊದಲು ಆ ನಂಬರಿಗೆ ರಿಂಗ್ ಮಾಡಿ ನೋಡಿ"! ಹಲ್ಲಿನ ಸೆಟ್ಟಿಗೆ ರಿಂಗು! ಯಾರದೋ ಜೇಬಲ್ಲಿ ಮೂವತ್ತೆರಡು ಹಲ್ಲು ಕಟಕಟ ಅಂತ ಬಡ್ಕೊಂಡ್ರೆ... ನಗಬೇಡಿ, ನಗಬೇಡಿ, ಬಾಯಲ್ಲಿರೋ ಪೇಸ್ಟಿನ ಟ್ರೇ ಅಲ್ಲಾಡುತ್ತೆ! ನನ್ನದೇ ತಪ್ಪು. ಇನ್ನು ನಗಿಸಲ್ಲ. ಇನ್ನು ನಗೋ ವಿಷಯನೂ ಇಲ್ಲ ಬಿಡಿ.

ಏನು, ಬೆರಳು ಎತ್ತಿದ್ರಿ? ನಾಮಪದನಾ ಕ್ರಿಯಾಪದನಾ ಅಂತಲಾ? ಬಾಯಿ ತುಂಬಿದ್ರೂ ವ್ಯಾಕರಣ ಬಿಡಲ್ಲ ನೀವು! ನಮ್ಮಲ್ಲಿ ಆ ತಾಪತ್ರಯ ಇಲ್ಲ ಮೇಷ್ಟ್ರೇ. ಇಂಗ್ಲಿಷ್ ಪದ ಎಷ್ಟೇ ದೊಡ್ಡ ಮನುಷ್ಯ ಆಗಿರಲಿ, ನಮ್ಮ ಹೊಸಿಲು ದಾಟಿದ ಮೇಲೆ "ಆಗು" ಅಂತಲೋ "ಮಾಡು" ಅಂತಲೋ ಒಂದು ಬಾಲ ಅಂಟಿಸಿ ಬಿಟ್ಟರೆ ಮುಗೀತು, ಹೇಳಿದ ಕೆಲಸ ಮಾಡ್ಕೊಂಡಿರುತ್ತೆ. ಹುಡುಗಿ ಸೆಟ್ ಆದ್ಲು. ಕೂದಲು ಸೆಟ್ ಮಾಡು. ಈ ನೆಲಕ್ಕೆ ಸಿಮೆಂಟ್ ಹಾಕಿದ ಗಾರೆಯವನೂ "ಸೆಟ್ ಆಗೋವರೆಗೂ ಕಾಲಿಡಬೇಡಿ ಸಾರ್" ಅಂದ. ನಾನೂ ನಿಮಗೆ ಅದನ್ನೇ ಹೇಳ್ತಿದೀನಿ, ಅವನು ಕಾಲಿಗೆ ಹೇಳಿದ, ನಾನು ನಾಲಿಗೆಗೆ.

ಎಲ್ಲಿ, ಬಟ್ಟಲಲ್ಲಿ ಮಿಕ್ಕಿದ್ದು ಚಿವುಟಿ ನೋಡ್ತೀನಿ... ಆಗಿದೆ. ತೆಗೀತೀನಿ, ಬಾಯಿ ಸಡಿಲ ಬಿಡಿ. ಒಂದು, ಎರಡು... ಟಪ್! ಉಗೀರಿ. ನೀರು ಅಲ್ಲೇ ಇದೆ, ಪಕ್ಕದಲ್ಲಿ.

ಹ್ಞಾ? "ನಿಮ್ಮ ಮಗ" ಏನು? ತಾಳಿ, ತಾಳಿ... ಅಯ್ಯೋ ಅಯ್ಯೋ, ನೋಡಿ ಇಲ್ಲಿ! ಅಂಗುಳದ ಹತ್ರ ಗಾಳಿ ಗುಳ್ಳೆ. ಇಲ್ಲೇ ರೀ, ಸಾಸಿವೆಯಷ್ಟು. ನಿಮ್ಮ ಕಣ್ಣಿಗೆ ಕಾಣಲ್ಲ, ಡಾಕ್ಟರ್ ಕಣ್ಣಿಗೆ ಕಾಣುತ್ತೆ. ಈ ಅಚ್ಚಲ್ಲಿ ಮಾಡಿದ್ರೆ ಸೆಟ್ ಲಡಬಡ ಅನ್ನುತ್ತೆ, ನೀವು ಇಂಗ್ಲಿಷ್ ಮಾತಾಡೋಕೆ ಹೋಗೋದು, ಹಲ್ಲು ಮುಂದೆ ಹೋಗಿ ನಿಂತಿರೋದು. ಇನ್ನೊಂದು ಸಲ ತೆಗೀಬೇಕು. ಮಾತು ಆಮೇಲೆ, ಆಮೇಲೆ! ಮಾತೆಲ್ಲಿ ಓಡಿಹೋಗುತ್ತೆ?

ಈ ಸಲ ಪೇಸ್ಟ್ ತಣ್ಣೀರಲ್ಲಿ ಕಲಸ್ತೀನಿ. ತಣ್ಣೀರಾದ್ರೆ ಸೆಟ್ ಆಗೋದು ನಿಧಾನ. ನಿಧಾನ ಆದ್ರೆ ಒಳ್ಳೇದು... ಅಚ್ಚಿಗೆ. ಆ... ದೊಡ್ಡದಾಗಿ... ಹಾಂ. ಕಚ್ಚಬೇಡಿ, ನಾನು ಹಿಡ್ಕೊಂಡಿದೀನಿ.

ಆ ಕಡೆ ಏನು ನೋಡ್ತೀರಿ? ಆ ಕುರ್ಚಿಯಾ? ಖಾಲಿ ಇದೆ, ಹೌದು. ಮಗ ಇವತ್ತು ರಜ. ಹಾಗೇ... ಏನೋ ಸ್ವಂತ ಕೆಲಸ ಅಂತ. ದಿನಾ ಅಪ್ಪನ ಪಕ್ಕದಲ್ಲೇ ನಿಂತು ಹಲ್ಲು ಕೀಳೋನಿಗೂ ಒಂದು ದಿನ ರಜ ಬೇಡವಾ?

ಮೇಷ್ಟ್ರೇ... ಆ ಪದಕ್ಕೆ ನಿಮ್ಮ ಡಿಕ್ಷನರೀಲಿ ಇಲ್ಲದ ಒಂದು ಅರ್ಥ ಇದೆ. ನಮ್ಮ ಜನ ಕಟ್ಟಿದ್ದು. "ಸೆಟ್ ಆಗಲ್ಲ." ಅತ್ತೆ ಸೊಸೆಗೆ ಸೆಟ್ ಆಗಲ್ಲ. ಈ ಊರ ನೀರು ಸೆಟ್ ಆಗಲ್ಲ. ಎಂಥಾ ಒಳ್ಳೇ ಮಾತು ನೋಡಿ! ಯಾರ ಮೇಲೂ ತಪ್ಪಿಲ್ಲ. ಹುಡುಗಿ ಒಳ್ಳೆಯವಳೇ, ಹುಡುಗನೂ ಒಳ್ಳೆಯವನೇ, ಮಧ್ಯೆ ಏನೋ ಒಂದು... ಸೆಟ್ ಆಗ್ಲಿಲ್ಲ. ಬೈಯೋಕೂ ಯಾರೂ ಸಿಗಲ್ಲ.

ನಮ್ಮ ಹುಡುಗ ಹಾಗಂದ.

ಕೈ! ಕೈ ಕೆಳಗಿಳಿಸಿ! ಟ್ರೇ ಮುಟ್ಟಬೇಡಿ, ಅರ್ಧ ಗಟ್ಟಿಯಾದಾಗ ಎಳೆದ್ರೆ ವಸಡಿಗೆ ಹಿಡ್ಕೊಳ್ಳುತ್ತೆ. ಕೂತ್ಕೊಳ್ಳಿ. ನನಗೇನು ಸಂತೋಷವೇ? ನಾನೂ ಹೆಣ್ಣು ಹೆತ್ತಿದ್ರೆ... ಹೆತ್ತಿಲ್ಲ, ಅದು ಬೇರೆ ಮಾತು. ಆದ್ರೆ ಅರ್ಥ ಆಗುತ್ತೆ. ಹಲ್ಲು ಕಡೀತಿದೀರಾ? ಕಡಿಯೋಕೆ ಹಲ್ಲೆಲ್ಲಿದೆ ಮೇಷ್ಟ್ರೇ, ಅದಕ್ಕಾದ್ರೂ ನಾನೇ ಕಟ್ಟಿಕೊಡಬೇಕು!

ಕ್ಷಮಿಸಿ. ಬಾಯಿ ಜಾರಿತು.

ನಾನಲ್ಲ ರೀ, ಅವನೇ. ನಿನ್ನೆ ಎದುರಿಗೆ ಕೂತು, ಬಾಯ್ತುಂಬ, ಬಿಡಿಸಿ ಬಿಡಿಸಿ ಹೇಳಿದ. "ಅಪ್ಪಾ, ಆ ಹುಡುಗಿಗೂ ನನಗೂ ಸೆಟ್ ಆಗಲ್ಲ." ಯಾಕೋ ಮಗನೇ ಅಂದೆ. "ಅವಳು ಜಾಸ್ತಿ ನಗ್ತಾಳೆ" ಅಂದ. ನಕ್ಕರೇನೋ ತಪ್ಪು ಅಂದೆ, ಹಲ್ಲು ಚೆನ್ನಾಗಿರೋರು ನಗ್ತಾರೆ ಅಂದೆ, ನಿಮ್ಮ ಪರವಾಗೇ ವಾದ ಮಾಡ್ದೆ! "ಇಲ್ಲಪ್ಪ, ನಾನು ಏನು ಮಾತಾಡಿದ್ರೂ ನಗ್ತಾಳೆ. ಮೊನ್ನೆ ಕ್ಯಾಲ್ಸಿಯಂ ಬಗ್ಗೆ ನಾಲ್ಕು ಮಾತು ಹೇಳಿದ್ರೆ ಸೆರಗಲ್ಲಿ ಬಾಯಿ ಮುಚ್ಕೊಂಡ್ಲು. ಮನೆ ಯಜಮಾನ ಅನ್ನೋ ಗೌರವ ಬೇಡವಾ?" ಅಂತ...

ಏನು ಹುಬ್ಬು ಹಾರಿಸ್ತೀರಿ? ಕ್ಯಾಲ್ಸಿಯಂ ಬಗ್ಗೆ ಮಾತಾಡಿದ್ದು... ಹೂಂ, ಮಾತಾಡಿದ್ದು ನಾನೇ. ಯಜಮಾನ ಅಂದ್ರೂ ನಾನೇ. ಅಂದ್ರೆ ಅವನು ನನ್ನ ಪರವಾಗಿ ಬೇಜಾರು ಮಾಡ್ಕೊಂಡ. ಮಗ ಅಲ್ವಾ? ಅಪ್ಪನಿಗೆ ಅವಮಾನ ಆದ್ರೆ ಮಗನಿಗೆ ಚುಚ್ಚಲ್ವಾ? ಅಷ್ಟು ಅರ್ಥ ಆಗಲ್ಲ ನಿಮಗೆ!

ಆಗಿದೆ, ಆಗಿದೆ, ಇದು ಸೆಟ್ ಆಗಿದೆ. ತೆಗೀತೀನಿ. ಟಪ್. ವಾಹ್! ಮೇಲ್ದವಡೆ ಅಂದ್ರೆ ಇದು. ಗುಳ್ಳೆ ಇಲ್ಲ, ಗೆರೆ ಇಲ್ಲ... "ಡಾಕ್ಟ್ರೇ, ನಿಮ್ಮ ಮಗ"... ಅದೇ ಅದೇ, ಅವನೇ, ಅವನ ವಿಷಯನೇ ಹೇಳ್ತಿರೋದು, ಪೂರ್ತಿ ಕೇಳಿ! ಅರ್ಧ ಮಾತಿಗೆ ಬಾಯಿ ಹಾಕಬಾರದು ಅಂತ ನೀವೇ ಅಲ್ವಾ ಮಕ್ಕಳಿಗೆ ಕಲಿಸ್ತಿದ್ದಿದ್ದು? ಆ... ಕೆಳಗಿನ ದವಡೆ ಈಗ. ನಾಲಿಗೆ ಎತ್ತಿ. ಎತ್ತಿ. ಇಳಿಸಿ. ಕೆಳಗಿನದಕ್ಕೆ ನಾಲಿಗೇನೇ ಶತ್ರು, ಅದು ಸುಮ್ಮನಿದ್ರೆ ಅರ್ಧ ಕೆಲಸ ಆದ ಹಾಗೆ.

ಹೂಂ... ಈಗ ಸಮಾಧಾನವಾಗಿ ಮಾತಾಡೋಣ. ಅಂದ್ರೆ, ನಾನು.

ನಿಜ ಹೇಳ್ಲಾ, ಈ ಕುರ್ಚಿ ಅಂದ್ರೆ ನನಗೆ ಬಹಳ ಇಷ್ಟ. ಇಲ್ಲಿ ಕೂತು ಇದುವರೆಗೆ ಯಾರೂ ನನಗೆ ಎದುರಾಡಿಲ್ಲ. ದೊಡ್ಡ ದೊಡ್ಡ ಅಧಿಕಾರಿಗಳು ಬಂದು ಮಲಗ್ತಾರೆ. ನಾನು ಬಾಯಲ್ಲಿ ಹತ್ತಿ ತುರುಕಿ "ರಸ್ತೆ ಕೆಲಸ ಚೆನ್ನಾಗಿ ನಡೀತಿದೆ ಅಲ್ವಾ ಸಾರ್?" ಅಂತೀನಿ. "ಆಂ" ಅಂತಾರೆ. "ಈ ಹಲ್ಲೂ ಕಿತ್ತುಬಿಡೋಣವಾ?" "ಊಂ" ಅಂತಾರೆ. ಎರಡೂ ಹೌದು ಅಂತಲೇ ನನ್ನ ಲೆಕ್ಕ. ನನ್ನ ಹೆಂಡತಿಗೆ ಇದನ್ನ ಕಂಡ್ರೆ ಆಗಲ್ಲ. "ಮನೇಲೂ ಎಲ್ಲರ ಬಾಯಿಗೂ ಹತ್ತಿ ತುರುಕೇ ಮಾತಾಡ್ತೀರಿ" ಅಂತಾಳೆ. ಅಂತಿದ್ಲು. ಈಗ ಯಾಕೋ ಮಾತು ಬಿಟ್ಟಿದಾಳೆ. ತಟ್ಟೆ ಕುಕ್ಕಿದ ಸದ್ದಲ್ಲೇ ಎಲ್ಲಾ ಹೇಳ್ತಾಳೆ.

ಅಲ್ಲ ಮೇಷ್ಟ್ರೇ, ಸೆಟ್ ಅಂದ್ರೆ ಗುಂಪು ಅನ್ನೋ ಅರ್ಥನೂ ಹೇಳಿದ್ರಲ್ಲ ನೀವು ಅವತ್ತು? ನಾವು ಓದುವಾಗಲೂ "ಅವರ ಸೆಟ್ಟು, ನಮ್ಮ ಸೆಟ್ಟು" ಅಂತಿದ್ವಿ. ನಿಮ್ಮದು ಪುಸ್ತಕದ ಸೆಟ್ಟು. ನಮ್ಮದು ಆಸ್ಪತ್ರೆ ಸೆಟ್ಟು. ಇದರಲ್ಲಿ ಮೇಲು ಕೀಳು ಇಲ್ಲ, ಬೇರೆ ಬೇರೆ ಅಷ್ಟೇ. ನಾಳೆ ನಿಮ್ಮ ಮಗಳಿಗೇ ನಮ್ಮ ಮಾತು ಬೇಜಾರಾಗಿ, ನಮ್ಮ ಹುಡುಗನಿಗೆ ನಿಮ್ಮ ಮಾತು ಅರ್ಥ ಆಗದೆ...

ಅರ್ಥ ಆಗುತ್ತೆ ಅಂತೀರಾ? ತಲೆ ಅಲ್ಲಾಡಿಸಬೇಡಿ. ಆಗುತ್ತೆ, ಸರಿ. ಎಷ್ಟಾದ್ರೂ ನಿಮ್ಮ ಹುಡುಗ... ನಿಮ್ಮ ಶಿಷ್ಯ.

ಅಂದ ಹಾಗೆ, ಇದಕ್ಕೂ ಅದಕ್ಕೂ ಸಂಬಂಧ ಇಲ್ಲ, ಸುಮ್ಮನೆ ಹೇಳ್ತಿದೀನಿ. ಸರ್ಕಲ್ ಹತ್ರ ದೊಡ್ಡಾಸ್ಪತ್ರೆ ಇದೆಯಲ್ಲ, ಅದರ ಯಜಮಾನರು ಒಂದು ಮಹಡಿ ಪೂರ್ತಿ ಹಲ್ಲಿನ ವಿಭಾಗಕ್ಕೇ ಬಿಡ್ತಿದಾರೆ. ಅವರಿಗೂ ಒಬ್ಬಳು ಮಗಳು. ಕಾಕತಾಳೀಯ! ಹೊಸ ಕುರ್ಚಿಗಳ ಸೆಟ್ ತರಿಸಿದಾರೆ ಮೇಷ್ಟ್ರೇ, ಏನು ಕುರ್ಚಿ ಅವು! ಗುಂಡಿ ಒತ್ತಿದ್ರೆ ತೊಟ್ಟಿಲ ಹಾಗೆ ಹಿಂದಕ್ಕೆ ಮಲಗಿಸುತ್ತೆ. ನನ್ನ ಹಲ್ಲೆಲ್ಲ ನೆಟ್ಟಗಿದ್ರೂ ಹೋಗಿ ಮಲಗಿ ಒಂದು ಕೀಳಿಸ್ಕೊಂಡು ಬರೋಣ ಅನ್ನಿಸ್ತು. ಬಾಗಿಲ ಮೇಲೆ ಬೋರ್ಡಿಗೆ ಜಾಗ ಬಿಟ್ಟಿದಾರೆ. ಅಪ್ಪ ಮಗ ಇಬ್ಬರ ಹೆಸರೂ ಹಿಡಿಸೋವಷ್ಟು...

ಏನು? ಯಾವಾಗ ನೋಡಿದ್ರಿ ಅಂತಲಾ ಆ ಕಣ್ಣು? ಹೋದ ವಾರ. ಅವರೇ ಕರೆದ್ರು, ಹೋಗಿದ್ದೆ. ಹೆಣ್ಣು ನೋಡೋಕಲ್ಲ, ಕುರ್ಚಿ ನೋಡೋಕೆ! ಹುಡುಗ ಬೇಡ ಅಂದಿದ್ದು ನಿನ್ನೆ... ನಾನು ಹೋಗಿದ್ದು ಹೋದ ವಾರ... ಹೂಂ. ಹಾಗೆ ಬೆರಳು ಮಡಚಿ ಲೆಕ್ಕ ಹಾಕಬೇಡಿ ರೀ! ಇಂಗ್ಲಿಷ್ ಮೇಷ್ಟ್ರಿಗೆ ಗಣಿತ ಯಾಕೆ?

ಎಷ್ಟು ದಿನ ಅಂತ ಈ ಎರಡು ಕುರ್ಚೀಲಿ ಕೂತಿರಬೇಕು ಅವನು? ನೀವೇ ಹೇಳಿ. ಎಂಜಲು ಎಳೆಯೋ ಆ ಸಕ್ಕರ್ ನೋಡಿ, ಗೊರಕೆ ಹೊಡೆಯುತ್ತೆ. ದೀಪ ನೋಡಿ, ತಾನೇ ಬಗ್ಗಿ ಮಲಗುತ್ತೆ. ನಾನು ಹೇಗೋ ಕಳೆದೆ. ಅವನಾದ್ರೂ ಸೆಟ್ಲ್ ಆಗಲಿ ಅಂತ ಹೆತ್ತ ಅಪ್ಪ ಯೋಚನೆ ಮಾಡಿದ್ರೆ ತಪ್ಪಾ? ಊಂ ಅನ್ನಿ. ಆಂ ಅನ್ನಿ. ಏನಾದ್ರೂ ಅನ್ನಿ.

ಏನೂ ಅನ್ನಲ್ವಾ?

ಇರಲಿ. ಪೇಸ್ಟ್ ಇದೆ ಬಾಯಲ್ಲಿ. ತಡೀರಿ, ನೋಡ್ತೀನಿ... ಸೆಟ್ ಆಗಿದೆ. ಯಾವಾಗಲೋ ಆಗಿದೆ ಅನ್ಸುತ್ತೆ. ಸಡಿಲ ಬಿಡಿ. ಟಪ್.

ಚೆನ್ನಾಗಿ ಬಂದಿದೆ. ಗುಳ್ಳೆ... ಇಲ್ಲ. ಎಲ್ಲೂ ಇಲ್ಲ. ಇನ್ನೊಂದು ಸಲ ತೆಗೆಯೋ ಅವಶ್ಯಕತೆ ಇಲ್ಲ. ಉಗೀರಿ, ಬಾಯಿ ತೊಳ್ಕೊಳ್ಳಿ. ಗಲ್ಲದ ಮೇಲೆ ಸ್ವಲ್ಪ ಹತ್ತಿದೆ. ಇಲ್ಲಿ... ಆ ಕಡೆ. ಹಾಂ.

ಈಗ ಮಾತಾಡಬಹುದು ಮೇಷ್ಟ್ರೇ.

ಮಾತಾಡಿ.

ಬೈಯಿರಿ, ಪರವಾಗಿಲ್ಲ. ಹೊರಗೆ ಫೋನ್ ಎತ್ತೋ ಅಮ್ಮನ್ನೂ ಬೇಗ ಮನೆಗೆ ಕಳಿಸಿಬಿಟ್ಟೆ, ಯಾರೂ ಇಲ್ಲ. ಇಂಗ್ಲಿಷಲ್ಲೇ ಬೈಯಿರಿ, ನನಗೆ ಅರ್ಧ ಅರ್ಥ ಆದ್ರೂ ಸಾಕು. "ಮಾತು ಕೊಟ್ಟು ತಪ್ಪಿದೆ" ಅನ್ನಿ. "ಹೊಟ್ಟೆಗೆ ಏನು ತಿಂತೀಯ" ಅನ್ನಿ. ಅವತ್ತು ಒಂದು ಪದಕ್ಕೆ ಅಷ್ಟು ಮಾತಾಡಿದ್ರಿ, ಇವತ್ತು ಇಷ್ಟಕ್ಕೆಲ್ಲ ಒಂದು ಪದ ಇಲ್ವಾ? ನಿಮ್ಮ ಬಾಯಲ್ಲಿ ಏನೂ ಇಲ್ಲ ರೀ ಈಗ! ನಾನೇ ತೆಗೆದೆನಲ್ಲ!

ಹಲ್ಲಂತೂ ಕಟ್ಟೇ ಕಟ್ತೀನಿ, ಅದರಲ್ಲಿ ಮೋಸ ಇಲ್ಲ. ಮೇಣದಲ್ಲಿ ಮೊದಲು ಜೋಡಿಸಿ ತೋರಿಸ್ತೀನಿ... ಎದ್ರಾ? ಕೂತ್ಕೊಳ್ಳಿ. ಚಪ್ಪಲಿ ಆಮೇಲೆ ಹಾಕ್ಕೊಳ್ಳಿ. ಕನ್ನಡಕ ಯಾಕೆ ಈಗ... ಕನ್ನಡಕ ಹಾಕ್ಕೊಂಡು ನೋಡಬೇಡಿ ನನ್ನ.

ಹಾಗೆ ನೋಡಬೇಡಿ ಅಂದೆ! ಅವನೂ ಹೀಗೇ ನೋಡಿದ. ನಿನ್ನೆ ಊಟಕ್ಕೆ ಕೂತಾಗ. ನಾನು ಆಸ್ಪತ್ರೆ ವಿಷಯ ಎಲ್ಲಾ ಹೇಳಿದೆ, ಕುರ್ಚಿ, ಬೋರ್ಡು, ಆ ಹುಡುಗಿ... "ಆಯ್ತೇನೋ? ಮೇಷ್ಟ್ರಿಗೆ ನಾನು ಹೇಳ್ತೀನಿ ಬಿಡು" ಅಂದೆ. ಅವನು ತುಟಿ ಪಿಟಕ್ ಅನ್ನಲಿಲ್ಲ. ಸುಮ್ಮನೆ ನೋಡಿದ, ನೋಡಿದ, ಕಲಸಿದ ಅನ್ನ ಹಾಗೇ ಬಿಟ್ಟು ಎದ್ದ...

ಅಂದ್ರೆ... ಅದಕ್ಕಿಂತ ಮುಂಚೆ ಮಾತಾಡಿದ. ಸೆಟ್ ಆಗಲ್ಲ ಅಂತ... ನಗ್ತಾಳೆ ಅಂತ...

ಇಲ್ಲ. ಅವನು ಏನೂ ಹೇಳಲಿಲ್ಲ. ಎಲ್ಲಾ ನಾನೇ ಹೇಳಿದ್ದು. ಅವನ ಬಾಯಲ್ಲೂ ಏನೂ ಇರಲಿಲ್ಲ ಮೇಷ್ಟ್ರೇ. ಖಾಲಿ ಬಾಯಿ. ಆದ್ರೂ ನಾನು ಹೌದು ಅಂತಲೇ ತಗೊಂಡೆ.

ರಜ ಅಲ್ಲ. ಬೆಳಿಗ್ಗೆ ಎದ್ದು ನೋಡಿದ್ರೆ ಅವನ ಹಾಸಿಗೆ ಮಡಚಿಟ್ಟಿತ್ತು. ಫೋನ್ ಎತ್ತುತ್ತಿಲ್ಲ. ಎಲ್ಲೋ ಗೆಳೆಯನ ಮನೇಲಿ ಮುಖ ಊದಿಸ್ಕೊಂಡಿರ್ತಾನೆ, ಸಾಯಂಕಾಲ ಬರ್ತಾನೆ ಅಂದ್ಕೊಂಡೆ. ಅವನು ಬರೋದ್ರೊಳಗೆ ನಿಮ್ಮ ಕಡೆ ಮುಗಿಸಿಬಿಟ್ರೆ ಆಮೇಲೆ ಅವನೇನು ಮಾಡ್ತಾನೆ ಅಂತ... ಅದಕ್ಕೇ ನಿಮ್ಮನ್ನ ಇವತ್ತೇ ಬನ್ನಿ ಅಂದಿದ್ದು.

ನೀವು ಎರಡು ಸಲ ಏನೋ ಹೇಳೋಕೆ ಬಂದ್ರಿ ಅಲ್ವಾ? "ನಿಮ್ಮ ಮಗ" ಅಂದ್ರಿ. ಮುಂದಿಂದು ಕೇಳೋಕೆ ನಾನೇ ಬಿಡಲಿಲ್ಲ. ನಿಮ್ಮ ಮನೇಲಿದಾನಾ? ಮೇಷ್ಟ್ರೇ... ನಿಮ್ಮ ಮನೇಲೇ ಇದಾನೆ, ಅಲ್ವಾ?

ಸರಿ. ಹೇಳಬೇಡಿ. ನನಗೆ ಹೇಳಬೇಕು ಅಂತೇನಿಲ್ಲ.

ಬಾಗಿಲು ಸ್ವಲ್ಪ ಬಿಗಿ, ಜೋರಾಗಿ ಎಳೀರಿ... ಒಂದು ನಿಮಿಷ ನಿಂತ್ಕೊಳ್ಳಿ. ಇದೊಂದು ಹೇಳಿ ಹೋಗಿ, ಇನ್ನೇನೂ ಕೇಳಲ್ಲ.

ಏನಾದ್ರೂ ತಿಂದ್ನಾ ಅವನು?